ಮಟ್ಟಗೋಲು

ಇಪ್ಪತ್ತೊಂಬತ್ತು ವರ್ಷ ಹೊಳೆಯ ಅಳತೆ ಬರೆದವನು ನಾನು.
ಮುಂಜಾನೆ ಆರಕ್ಕೊಮ್ಮೆ, ಸಂಜೆ ಆರಕ್ಕೊಮ್ಮೆ,
ಮಲಪ್ರಭೆ ಕೃಷ್ಣೆಗೆ ಬಂದು ಬೀಳುವಲ್ಲಿ
ನೆಟ್ಟ ಕೋಲಿನ ಎಷ್ಟನೇ ಗೀಟು ಮುಳುಗಿತೆಂದು.
ನಿವೃತ್ತಿಯ ದಿನ ಶಾಲು ಹೊದಿಸಿ ಗೋಡೆ ಗಡಿಯಾರ ಕೊಟ್ಟರು.
ಅದನ್ನು ನೋಡುತ್ತ ಕೂರಲಾಗದೆ ಭೂಪಟ ಬಿಡಿಸಿದೆ,
ನೀರಿಗೆ ನೀರು ಕೂಡುವ ಊರುಗಳನ್ನು ಬೆರಳಲ್ಲಿ ಹುಡುಕಿದೆ.

ವೀಸಾ ಕಿಟಕಿಯವನು ನಯಾಗರವೇ ಅಂದ.
ಕೈರೋ ಅಂದೆ.
ಅದು ಈಜಿಪ್ಟಿನಲ್ಲಿದೆ ಅಂದ.
ಇಲಿನಾಯ್‌ನಲ್ಲೂ ಒಂದಿದೆ ಸ್ವಾಮಿ ಅಂದೆ. ಹುಬ್ಬೇರಿಸಿ ಠಸ್ಸೆ ಒತ್ತಿದ.

ಶಿಕಾಗೋದ ರೈಲಿನಿಂದ ಕಾರ್ಬನ್‌ಡೇಲಿನಲ್ಲಿ
ನಡುರಾತ್ರಿ ಇಳಿದವರು ಮೂರೇ ಜನ.
ಮುಂದಕ್ಕೆ ಬಸ್ಸಿಲ್ಲ. ಬೆಂಚಿನ ಮೇಲೆ ಬೆಳಗು ಮಾಡಿ,
ಗಂಟಿನಲ್ಲಿದ್ದ ಕಟಕ್ ರೊಟ್ಟಿ ಶೇಂಗಾ ಹಿಂಡಿ ತಿಂದು,
ಸೋಯಾ ಹೇರಿದ ಟ್ರಕ್ಕಿಗೆ ಕೈ ಮಾಡಿದೆ.
ಹತ್ತಿಸಿಕೊಂಡವನು ಮೊದಲು ನನ್ನ ಉಚ್ಚಾರ ತಿದ್ದಿದ:
ಕೈರೋ ಅಲ್ಲ, ಕೇರೋ.
ಕೇರೋ.
ನನಗೆ ಕೇರಿ ಅಂದಂತೆ ಕೇಳಿಸಿತು.

ಊರ ಬಾಯಲ್ಲಿ ಉಕ್ಕಿನ ಕದ, ನೆತ್ತಿಯ ಮೇಲೆ ತೂಗುತ್ತದೆ.
ಹೊಳೆ ಏರಿದರೆ ಅದನ್ನಿಳಿಸಿ ರಸ್ತೆಯನ್ನೇ ಮುಚ್ಚುತ್ತಾರಂತೆ.
ಸುತ್ತಲೂ ಒಡ್ಡು, ಬೋಗುಣಿಯ ತಳದಲ್ಲಿ ಊರು.
ಪೇಟೆ ಬೀದಿಯಲ್ಲಿ ಮುಂಗೋಡೆ ಇದೆ, ಹಿಂದೆ ಅಂಗಡಿ ಇಲ್ಲ.
ಎರಡನೇ ಅಂತಸ್ತಿನ ಕಿಟಕಿಯಿಂದ
ಒಂದು ಮರ ಯಾರನ್ನೋ ಕಾಯುವಂತೆ ಬಗ್ಗಿ ನೋಡುತ್ತಿದೆ.
ಮಧ್ಯಾಹ್ನ ಹನ್ನೆರಡು. ನಾಯಿ ಕೂಡ ಬೊಗಳಲಿಲ್ಲ.

ವರ್ಲೀನ್ ಟಬ್ಸ್, ಎಂಬತ್ತಕ್ಕೆ ಎರಡು ಕಮ್ಮಿ,
ಮನೆಯ ಮೆಟ್ಟಿಲಲ್ಲಿ ಅಲಸಂದಿ ಸುಲಿಯುತ್ತಿದ್ದಳು.
ಅಲಸಂದಿ! ಅದೇ ಕಪ್ಪು ಕಣ್ಣು, ಅದೇ ಹಸಿ ವಾಸನೆ.
ನೀರು ಕೇಳಲು ನಿಂತವನು ಕೂತೇಬಿಟ್ಟೆ, ಸುಲಿಯತೊಡಗಿದೆ.
ಎದುರಿನ ಬಯಲು ತೋರಿಸಿದಳು:
ಚೌಕಾಕಾರದ ಸಿಮೆಂಟು, ಸೀಳಿನಲ್ಲಿ ಹುಲ್ಲು.
ಅದು ಈಜುಕೊಳ.
ನಮ್ಮ ಮಕ್ಕಳು ಇಳಿದಾವೆಂದು ಬಿಳಿಯರು ಮೊದಲು ಬೀಗ ಜಡಿದರು,
ಬೀಗ ಸಾಲದೆಂದು ಆಮೇಲೆ ಸಿಮೆಂಟು ಸುರಿದರು.
ನನ್ನ ತಮ್ಮ ಈಜಲಿಕ್ಕೆ ಹೊಳೆಗೆ ಹೋದ, ಅಂದಳು.
ಅಷ್ಟೇ ಅಂದಳು. ಕಾಳು ಬೋಗುಣಿಗೆ ಬೀಳುತ್ತಿದ್ದವು.

ನಮ್ಮೂರಲ್ಲೂ ಒಂದು ಬಾವಿ, ಅಂದೆ.
ನನ್ನ ಇಂಗ್ಲಿಷು ಅಳತೆ ಪುಸ್ತಕದ ಇಂಗ್ಲಿಷು,
ಕೇರಿಗೆ ಅದರಲ್ಲಿ ಪದವಿಲ್ಲ.
ಜಾಲಿಮುಳ್ಳು, ಆಮೇಲೆ ಕಲ್ಲು, ಆಮೇಲೆ ಮಣ್ಣು,
ಕೈಯಲ್ಲೇ ಮಾಡಿ ತೋರಿಸಿದೆ.
ಯಾರು ಮುಚ್ಚಿದ್ದು?
ನಮ್ಮವರು.
ನಿಮ್ಮವರು ಅಂದರೆ?
ಎರಡು ಕಾಯಿ ಸುಲಿದೆ. ಮೂರನೆಯದು ಹುಳುಕು.
ನಮ್ಮಜ್ಜ, ಅಂದೆ.

ಅವಳು ನನ್ನನ್ನು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ.
ಸುಲಿಯದ ಕಾಯಿಯ ಬುಟ್ಟಿಯನ್ನು
ನನ್ನ ಕಡೆ ಸರಿಸಿದಳು.

ಹೊತ್ತಿಳಿದ ಮೇಲೆ ಊರ ತುದಿಗೆ ನಡೆದೆ,
ನೆಲ ಮುಗಿದು ಮೂಗಿನಂತೆ ಚೂಪಾಗುವಲ್ಲಿಗೆ.
ಎಡಕ್ಕೆ ಓಹಾಯೋ, ಹಸಿರು ಬೆರೆತ ಬೂದಿ.
ಬಲಕ್ಕೆ ಮಿಸಿಸಿಪ್ಪಿ, ನಮ್ಮ ಕೃಷ್ಣೆಯ ಆಷಾಢದ ಕೆಂಪು.
ಕೂಡಿದವು ಎನ್ನುತ್ತದೆ ಭೂಪಟ.
ನಾನು ನೋಡಿದಷ್ಟು ದೂರವೂ
ಒಂದೇ ಪಾತ್ರದಲ್ಲಿ, ನಡುವೆ ಬೈತಲೆಯಷ್ಟು ಗೆರೆ ಬಿಟ್ಟುಕೊಂಡು
ಬೇರೆ ಬೇರೆ ಹರಿಯುತ್ತಿದ್ದವು.

ಸೇತುವೆಯ ಕಂಬದ ಮೇಲೆ ಅಡಿ ಅಡಿಗೆ ಗೀಟು.
ಕೈ ತಾನಾಗಿ ಜೇಬಿಗೆ ಹೋಯಿತು, ಪುಸ್ತಕ ತೆಗೆಯಿತು:
ದಿನಾಂಕ, ವೇಳೆ, ಮಟ್ಟ, ಷರಾ.
ಅಷ್ಟು ವರ್ಷವೂ ಷರಾ ಕಲಮಿನಲ್ಲಿ
ನಾನು ಬರೆದದ್ದು ಒಂದೇ ಮಾತು: ವಿಶೇಷವೇನಿಲ್ಲ.
ಬಾವಿಯ ವರ್ಷವೂ, ಬರೆಯುವ ಕೈ ನನ್ನದೇ ಇದ್ದಿದ್ದರೆ,
ಅದನ್ನೇ ಬರೆಯುತ್ತಿದ್ದೆ.

ಹದಿನೈದು ದೋಣಿ ಜೋಡಿಸಿ ನೂಕುತ್ತ ಒಂದು ಹಡಗು ಹೋಯಿತು.
ಅದರ ಅಲೆ ಕಂಬಕ್ಕೆ ಬಡಿದು ಒಂದು ಗೀಟು ಏರಿತು, ಇಳಿಯಿತು, ಏರಿತು.
ಅಲೆ ನಿಲ್ಲದೆ ಮಟ್ಟ ಬರೆಯಕೂಡದು, ಅದು ಇಲಾಖೆಯ ನಿಯಮ.
ಪೆನ್ನಿನ ಟೋಪಿ ಬಾಯಲ್ಲಿ ಕಚ್ಚಿಕೊಂಡು
ಕಲ್ಲಿನ ಮೇಲೆ ಕೂತೆ.
ಅಷ್ಟರಲ್ಲಿ ತಿರುವಿನಾಚೆ ಇನ್ನೊಂದು ಹಡಗಿನ ದನಿ.