ಅಮಾನತು

ಇಪ್ಪತ್ತೆರಡು ವರ್ಷ ಬೇರೆಯವರ ದೂರು ಕುಟ್ಟಿದ ಬೆರಳು ಇವು.
ಅಜ್ಮಾನಿನ ಮೀನು ಮಾರ್ಕೆಟ್ಟಿನ ಹಿಂದೆ, ಟೈಪಿಂಗ್ ಸೆಂಟರಿನಲ್ಲಿ,
ಬಲದಿಂದ ಎಡಕ್ಕೆ:
ಸಂಬಳ ಸಿಗದ ಮೇಸ್ತ್ರಿ, ಪಾಸ್‌ಪೋರ್ಟ್ ಬಚ್ಚಿಟ್ಟ ಕಫೀಲ,
ಗಂಡನ ಮೇಲೆ ಹೆಂಡತಿ. ಪುಟಕ್ಕೆ ಮೂವತ್ತು ದಿರ್ಹಮು.
ಇವತ್ತು ಅರ್ಧ ಶಟರು ಎಳೆದು
ನನ್ನದಕ್ಕೇ ಕೂತೆ.

ಫಿರ್ಯಾದಿ: ಮುಹಿಯುದ್ದೀನ್. ಉಚ್ಚಿಲದಲ್ಲಿ ಮಯ್ಯದ್ದಿ.
ಜೊತೆಗೆ ಮೂವತ್ತೊಂದು ಮನೆಗಳ ಒಡೆಯರು.
ಎದುರುದಾರರು: ನಮ್ಮ ಕಟ್ಟಡದ ಸಂಘದ ಆಡಳಿತ ಮಂಡಳಿ,
ಅಧ್ಯಕ್ಷ, ಕಾರ್ಯದರ್ಶಿ,
ಖಜಾಂಚಿ ಶೇಕಬ್ಬ.
ಇಲ್ಲಿ ಬೆರಳು ನಿಂತಿತು.

ನನಗೆ ವೀಸಾ ತೆಗೆಸಿಕೊಟ್ಟ ಕೈ ಅದು.
ಮೊದಲ ಎಂಟು ತಿಂಗಳು ಅವರ ಕೋಣೆಯ ನೆಲ, ಅವರ ಚಾಪೆ,
ಅವರ ಮನೆಯಿಂದ ಬಂದ ಒಣಮೀನಿನ ಚಟ್ನಿ.
ಶೇಕಬ್ಬಾಕ ಅನ್ನದೆ ಬರೀ ಹೆಸರು ಈ ಬಾಯಲ್ಲಿ ಬಂದದ್ದಿಲ್ಲ.
ಅರ್ಜಿಯಲ್ಲಿ ಬಂತು. ಕಾಕನಿಗೆ ಅಲ್ಲಿ ಕಾಲಂ ಇಲ್ಲ.

ಹೊಸ ಚಿಲ್ಲರ್ ಅಂತ ನಾಲ್ಕು ಲಕ್ಷ ಹನ್ನೆರಡು ಸಾವಿರ.
ಆಗಸ್ಟಿನಲ್ಲಿ ತಣ್ಣೀರಿನ ನಲ್ಲಿಯೂ ಕೈ ಸುಡುವಾಗ
ಕೋಣೆಗಳು ಬೇಯುತ್ತಲೇ ಇದ್ದವು.
ಹದಿಮೂರನೇ ಮಹಡಿಯ ಕ್ಲೋಟಿಲ್ಡಾ ಬಾಯಿ, ನಿವೃತ್ತ ನರ್ಸು,
ಲಿಫ್ಟು ಸತ್ತ ದಿನಗಳಲ್ಲಿ ಡಯಾಲಿಸಿಸ್ಸಿಗೆ ಗಂಡನನ್ನು
ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಇಳಿಸಿದವಳು,
ಒಂದು ಸಂಜೆ ತಾರಸಿ ಹತ್ತಿ
ಹೂಜಿ ಚಿತ್ರದ ದಿರ್ಹಮ್ ನಾಣ್ಯದಿಂದ ಬಣ್ಣ ಕೆರೆದಳು.
ಕೆಳಗೆ ಹಳೆಯ ನಂಬರು, ಕಟ್ಟಡದಷ್ಟೇ ಹಳೆಯದು.
‘ಕೀವು ತೆಗೆಯದೆ ಪೌಡರ್ ಬಳಿದಿದ್ದಾರೆ ಮಯ್ಯದ್ದಿ’ ಅಂದಳು.
ಅವಳ ಉಗುರಿನ ಸಂದಿಯಲ್ಲಿ ಬೂದುಬಣ್ಣ.
ಫೋಟೊ, ದಾಖಲೆ ಏಳು.

ಕುಟ್ಟುತ್ತ ಹೋದಂತೆ ಒಂದೊಂದೇ ಮಾತು ತಲೆ ಎತ್ತಿ ನೋಡಿತು.
ತಾರೀಖು. ಬಾಕಿ. ಅಸಲು. ವಕೀಲ.
ಹಕ್ಕು.
ಅರೆ, ಇವು ನಮ್ಮವು!
ಬಂಟ್ವಾಳದ ಕೋರ್ಟಿನ ಜಗಲಿಯಲ್ಲಿ ಗೇಣಿ ಕೇಸಿಗೆ ಕೂತ ಬಾಪ
ಎಲೆಯಡಿಕೆಯ ಜೊತೆ ಜಗಿದ ಮಾತುಗಳು.
ಮನೆಯಲ್ಲಿ ಬ್ಯಾರಿ ಆಡುವವನಿಗೆ ಅದೇ ಕನ್ನಡ,
ಅಮೀನ ಬಂದಾಗ ಎದ್ದು ನಿಂತು ಆಡುವ ಕನ್ನಡ.
ಹಡಗಿನಲ್ಲೋ ಕುದುರೆಯ ಮೇಲೋ ಯಾವಾಗ ಬಂದವೋ,
ಈಗ ನಾನು ವಾಪಸು ತಂದು ಒಪ್ಪಿಸುತ್ತಿದ್ದೇನೆ,
ಅಂಚು ಸವೆದಿವೆ, ತೂಕ ಅಷ್ಟೇ.

ಮಂಡಳಿ ಮಾಡಿದ್ದಕ್ಕೆ ಇಲ್ಲಿಯ ಹೆಸರು: ಅಮಾನತಿಗೆ ದ್ರೋಹ.
ಊರಲ್ಲಿ ಅಮಾನತು ಅಂದರೆ ಗುಮಾಸ್ತನನ್ನು ಮನೆಗೆ ಕಳಿಸುವುದು.
ಇಲ್ಲಿ, ನಂಬಿ ಕೈಯಲ್ಲಿಟ್ಟದ್ದು.

ಕೊನೆಯ ಕಾಲಂ: ಆರು ವರ್ಷದ ವಿಳಂಬಕ್ಕೆ ಕಾರಣ.
ದಾಕ್ಷಿಣ್ಯ.
ಅರಬಿಯಲ್ಲಿ ಹುಡುಕಿದೆ. ನಾಚಿಕೆ ಸಿಕ್ಕಿತು, ಭಯ ಸಿಕ್ಕಿತು, ಮರ್ಯಾದೆ ಸಿಕ್ಕಿತು.
ಮುಲಾಜು? ಅದೂ ಇಲ್ಲಿಂದಲೇ ಹೋದದ್ದು,
ಆದರೆ ಇಲ್ಲಿ ಅದು ಕಡತದ ಅಂಚಿನ ಬರೀ ಷರಾ.
ಚಾ ತಣ್ಣಗಾಯಿತು.
‘ಸಾಕ್ಷ್ಯ ಸಿಕ್ಕಿರಲಿಲ್ಲ’ ಎಂದು ಬರೆದೆ.
ಆ ಹನ್ನೊಂದು ಪುಟದಲ್ಲಿ ಸುಳ್ಳು ಅದೊಂದೇ,
ಅದು ನನ್ನದು.

ಶುಕ್ರವಾರ ಸಫ್ಫಿನಲ್ಲಿ ನಿಂತಾಗ ಎಡಕ್ಕೆ ಯಾರೋ ಸರಿದು
ನಡುವಿನ ಸಂದು ಮುಚ್ಚಿದರು. ಅತ್ತರಿನ ವಾಸನೆಯಿಂದಲೇ ಗೊತ್ತು.
ನೋಟೀಸು ಅವರಿಗೆ ಬುಧವಾರ ಮುಟ್ಟಿತ್ತು.
ಭುಜಕ್ಕೆ ಭುಜ; ಅವರದು ಸ್ವಲ್ಪ ನಡುಗುತ್ತಿತ್ತು,
ವಯಸ್ಸಿಗೋ ಏನೋ.
ಹೊರಗೆ ಚಪ್ಪಲಿ ಹುಡುಕುತ್ತ,
ಮುಖ ನೋಡದೆ,
‘ಉಂಡೆಯಾ?’ ಅಂದರು.
ಇನ್ನೂ ಉಂಡಿರಲಿಲ್ಲ.
‘ಆಯಿತು ಶೇಕಬ್ಬಾಕ’ ಅಂದೆ.