ಖಾಯಂ ಹಲ್ಲು

ಹಾಲುಹಲ್ಲು ಬಿದ್ದಿರಲಿಲ್ಲ, ಹಿಂದಿನಿಂದ ಇನ್ನೊಂದು ಇಣುಕಿತ್ತು.
"ಇದು ಖಾಯಂ," ಎಂದರು ಅಜ್ಮಾನಿನ ಡಾಕ್ಟರು, "ಜೋಪಾನ."
ಎರಡೆರಡು ವರ್ಷಕ್ಕೆ ವೀಸಾ ಹೊಸದಾಗುವ ನಮ್ಮ ಮನೆಯಲ್ಲಿ
ಸೋಫಾ ಕೂಡ ಬಿಟ್ಟುಹೋದವರದು.

ಪಾಳಿ ಮುಗಿಸಿ ಬಂದು
ಮಿಸ್ರಿಯಾಳ ಗಲ್ಲ ಹಿಡಿದು ಮೊಬೈಲಿನ ಟಾರ್ಚು ಬಿಡುತ್ತೇನೆ.
"ಆ ಅನ್ನು. ಇನ್ನೂ ದೊಡ್ಡ ಆ."
ಮೂಲೆಯಲ್ಲಿ ಖರ್ಜೂರದ ನಾರು.
ಜುಲೈನಲ್ಲಿ ತಣ್ಣೀರ ನಲ್ಲಿಯೂ ಸುಡುತ್ತದೆ;
ಬಕೆಟ್ಟಿನಲ್ಲಿ ಆರಿಸಿಟ್ಟ ನೀರಲ್ಲಿ ಮುಕ್ಕಳಿಸುತ್ತಾಳೆ.

ನಿನ್ನೆ ಬಿತ್ತು.
ಎಸೆಯಲು ಹಂಚಿನ ಮಾಡು ಇಲ್ಲ, ಹನ್ನೊಂದನೇ ಮಹಡಿ.
ಪಕ್ಕದ ಮನೆಯ ಉಮ್ ಸೈಫ್ ಹೇಳಿಕೊಟ್ಟರು:
ಸೂರ್ಯನಿಗೆ ಎಸೆ, ಜಿಂಕೆಯ ಹಲ್ಲು ಕೇಳು.
ಎಸೆದಳು. ಕೆಳಗೆ ಯಾರ ಕಾರಿನ ಮೇಲೆ ಬಿತ್ತೋ!

ನಕ್ಕಳು. ಸಂದಿಯಲ್ಲಿ ಗರಗಸದಂಚಿನ ಬಿಳಿ,
ಮುಂದೆ ಯಾವ ಊರಿನ ರೊಟ್ಟಿ ಕಡಿಯಲಿದೆಯೋ.
ಬ್ರಷ್ಷಿಗೆ ಬಟಾಣಿಯಷ್ಟು ಪೇಸ್ಟು ಹಚ್ಚಿ
ಕರೆಯುತ್ತೇನೆ.