ಬಸಿಗಾಲುವೆ

ಸಿಂಧನೂರಿನ ಆಸ್ಪತ್ರೆಯ ಹಿಂದಿನ ಕೋಣೆ.
ನಾಲ್ಕು ಮಂಚ, ನಾಲ್ಕು ಯಂತ್ರ, ಒಂದು ತೂಕದ ಯಂತ್ರ.
ಮಂಗಳವಾರ, ಶುಕ್ರವಾರ, ಬೆಳಿಗ್ಗೆ ಆರಕ್ಕೆ
ಗೇಜಿನ ಯಂಕೋಬಣ್ಣ ಚಪ್ಪಲಿ ಬಿಟ್ಟು ಹತ್ತಿ ನಿಲ್ಲುತ್ತಾನೆ.
ಐವತ್ತೇಳು ಕಿಲೋ ಮುನ್ನೂರು.
ಮೊನ್ನೆ ಹೋಗುವಾಗ ಬರೀ ಐವತ್ತೈದು.
ಯಾವ ಮಡುವಿನದು ಈ ನೀರು, ಎನ್ನುತ್ತೇನೆ.
ಒಂದು ಗಲಾಸು ಮಜ್ಜಿಗೆ, ಎರಡು ಹೋಳು ಕಲ್ಲಂಗಡಿ,
ಉಳಿದದ್ದು ನೆನಪಿಲ್ಲವಂತೆ.

ಮೂವತ್ತೊಂದು ವರ್ಷ ಎಡದಂಡೆಯ ಏರಿಯ ಮೇಲೆ
ಸೈಕಲ್ಲು ತುಳಿದು ನೀರಿನ ಎತ್ತರ ಬರೆದವನು.
ಅಡಿ, ಅಂಗುಲ, ಕ್ಯೂಸೆಕ್ಕು.
ಈಗ ಅವನ ಪಾಲು ದಿನಕ್ಕೆ ಮುಕ್ಕಾಲು ಲೀಟರು,
ಮಾತ್ರೆ ನುಂಗುವ ಗುಟುಕೂ ಲೆಕ್ಕಕ್ಕೆ.
"ಕೊನೀ ಭಾಗದ ರೈತ ಆದೆ ನೋಡವಾ"
ಎಂದು ನಕ್ಕರೆ ಊದಿದ ಕಣ್ಣು ಮುಚ್ಚಿಹೋಗುತ್ತದೆ.

ಎಡತೋಳಿನಲ್ಲಿ ಅಪಧಮನಿಗೆ ಅಭಿಧಮನಿ ಹೊಲಿದಿದ್ದಾರೆ.
ಬೆರಳಿಟ್ಟರೆ ಒಳಗೆ ಗುಂಯ್ ಎನ್ನುವ ಜುಮ್ಮು,
ತೂಬಿನ ಬಾಯಲ್ಲಿ ನೀರು ಸುಳಿದ ಹಾಗೆ.
ಎರಡು ಸೂಜಿ: ಒಂದು ಹೋಗಲು, ಒಂದು ಬರಲು.
ಹೋದ ರಕ್ತ ಸಾವಿರಾರು ಎಳೆಗಳಲ್ಲಿ ಹಂಚಿಹೋಗಿ
ಮತ್ತೆ ಒಂದಾಗಿ ತೋಳಿಗೆ ಮರಳುತ್ತದೆ.
ಎಳೆಯ ಆಚೆ ಬದಿ ತಿಳಿನೀರು ಎದುರಾಗಿ ಹರಿಯುತ್ತದೆ,
ಬೇಡದ್ದು ಅತ್ತ ಜಿನುಗುತ್ತದೆ.
ಹೆಚ್ಚಿದ್ದಲ್ಲಿಂದ ಕಡಿಮೆ ಇದ್ದಲ್ಲಿಗೆ. ಅಷ್ಟೇ.

"ತರೋದು ರಕ್ತ. ಒಯ್ಯೋರು ಯಾರು?"
ಅದೇ ರಕ್ತ, ಎಂದೆ. ಅಕ್ಕಿ ತಂದ ಗಾಡಿಯಲ್ಲೇ
ಒಲೆಯ ಬೂದಿ ವಾಪಸ್ಸು.
ಬಹಳ ಹೊತ್ತು ಸುಮ್ಮನಿದ್ದ.
"ನಾವು ತಂದದ್ದೇ ತಂದಿವಿ. ವರ್ಷಕ್ಕ ಎರಡು ಭತ್ತ.
ಬಸಿಗಾಲುವಿ ತೋಡ್ರೋ ಅಂದ್ರ ನಗ್ತಿದ್ರು.
ಈಗ ಹೊಲದ ಮೈತುಂಬ ಬಿಳೇ ಉಪ್ಪು, ಸವಳು."
ಮೊಣಕಾಲ ಕೆಳಗೆ ಕೆರೆದುಕೊಂಡ.
ಉಗುರು ಹೋದಲ್ಲಿ ಬಿಳಿ ಗೆರೆ ಎದ್ದಿತು.
ಇಬ್ಬರೂ ಅದನ್ನು ನೋಡಿದೆವು.

ಕಿಟಕಿಯಾಚೆಯ ಬೇವಿಗೆ ಮೂತ್ರಪಿಂಡವಿಲ್ಲ;
ಬೇಡದ್ದನ್ನು ಎಲೆಯಲ್ಲಿ ಕಟ್ಟಿ ಉದುರಿಸಿಬಿಡುತ್ತದೆ.
ಗೋಡೆಯ ಹಲ್ಲಿಯ ಹಿಕ್ಕೆ ತೋರಿಸಿದೆ:
ಆ ತುದಿಯ ಬಿಳಿ ಚುಕ್ಕೆಯೇ ಅದರ ಉಚ್ಚೆ,
ನೀರು ಉಳಿಸಿಕೊಂಡು ಒಣಗಿಸಿದ್ದು.
"ಜಾಣ ಹಲ್ಲಿ. ಅದೂ ಕೊನೀ ಭಾಗದ್ದೇ ಇರಬೇಕು."

ಬೇಸಿಗೆಯ ಒಂದು ಶುಕ್ರವಾರ ಕರೆಂಟು ಹೋಯಿತು.
ಜನರೇಟರು ಎರಡು ಸಲ ಕೆಮ್ಮಿ ಸುಮ್ಮನಾಯಿತು.
ನಳಿಗೆಗಳಲ್ಲಿ ನಾಲ್ಕು ಜನರ ರಕ್ತ ನಿಂತಿತ್ತು.
ನಿಂತರೆ ಹೆಪ್ಪು.
ಹಿಡಿಕೆ ಹಿಡಿದು ಕೈಯಿಂದಲೇ ತಿರುಗಿಸತೊಡಗಿದೆ,
ಉಳಿದ ಮೂರಕ್ಕೆ ನರ್ಸು ಶಂಶಾದ್, ಆಯಾ ತಿಮ್ಮಲವ್ವ,
ಯಾರದೋ ಅಳಿಯ.
ಗಾಬರಿಯಲ್ಲಿ ಬೀಸುತ್ತಿದ್ದೆ, ಜೋಳ ಬೀಸಿದ ಹಾಗೆ.
"ಗಡಬಡಿ ಬ್ಯಾಡ ತಂಗಿ" ಎಂದ ಕಣ್ಣು ಮುಚ್ಚಿದ್ದಲ್ಲೇ.
"ತೂಬಿನ ತಿರುಪು ಹಿಂಗ ತಿರುವಿದ್ರ ಏರಿ ಒಡೀತದ.
ಒಂದು. ಉಸುರು ಬಿಡು. ಎರಡು."
ಅವನು ಎಣಿಸಿದ. ನಾವು ನಾಲ್ವರೂ
ಆ ಎಣಿಕೆಗೆ ತಿರುಗಿಸಿದೆವು.
ನನ್ನ ಕಿವಿಯಲ್ಲಿ ನನ್ನದೇ ಗುಂಡಿಗೆ,
ಯಾರೂ ಎಣಿಸದೆ, ಯಾರೂ ತಿರುಗಿಸದೆ.
ನೂರಾ ನಲವತ್ತಕ್ಕೆ ದೀಪ ಬಂತು.

ತೂಕ ಐವತ್ತೈದು ನಾನೂರು. ಚಪ್ಪಲಿ ಮೆಟ್ಟುತ್ತ ಕೇಳಿದ:
"ಯಂತ್ರದಿಂದ ಹೊರಬಿದ್ದ ನೀರು ಎಲ್ಲಿಗೆ ಹೋಗ್ತದವಾ?"
ಮೋರಿಗೆ.
"ಮೋರಿ ಎಲ್ಲಿಗೆ?"
ಹಳ್ಳಕ್ಕೆ ಇರಬೇಕು.
"ಇರಬೇಕು" ಎಂದ, ಗೇಜು ನೋಡದೆ ಬರೆದವರ ಬಗ್ಗೆ
ಹೇಳುವ ದನಿಯಲ್ಲಿ.

ಏಳು ವರ್ಷದಲ್ಲಿ ಮೊದಲ ಸಲ
ಕಟ್ಟಡದ ಹಿಂದಕ್ಕೆ ಹೋದೆ.
ಮೋರಿಯ ಬಾಯಿಗೆ ಪ್ಲಾಸ್ಟಿಕ್ಕು, ಬೇವಿನೆಲೆ, ಒಂದು ಹರಿದ ಕೈಗವಸು.
ಮಡುಗಟ್ಟಿದ ನೀರಿನ ಅಂಚಿಗೆ ಬಿಳಿಯ ಪೊರೆ.
ಕೋಲು ಹುಡುಕಿ ಚುಚ್ಚಿದೆ.
ಸ್ವಲ್ಪ ಹೊತ್ತು ಏನೂ ಆಗಲಿಲ್ಲ.
ಆಮೇಲೆ ಒಳಗೆಲ್ಲೋ
ಗುಂಯ್ ಎಂದಿತು.